ದಕ್ಷಿಣ ಅಮೆರಿಕದ ಮಳೆಕಾಡಿನ ಗೂಬೆಗಳು: ಒಂದೇ ತರಹ ಕಾಣುವ ಪ್ರಭೇದಗಳನ್ನು ಬೇರ್ಪಡಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಗೊಂದಲ ಇರುವುದು ಯಾವ ಗೂಬೆಗಳಲ್ಲಿ?

ಎಲ್ಲ ಗೂಬೆಗಳಲ್ಲೂ ಅಲ್ಲ. ಕಣ್ಣಿನ ಸುತ್ತ ಬಿಳಿ ಕನ್ನಡಕದಂಥ ಗುರುತಿರುವ ಪುಲ್ಸಾಟ್ರಿಕ್ಸ್ ಪರ್‌ಸ್ಪಿಸಿಲಾಟಾ, ಉದ್ದನೆಯ ಬಿಳಿ ಕೊಂಬಿನ ಪುಕ್ಕಗಳ ಲೊಫೊಸ್ಟ್ರಿಕ್ಸ್ ಕ್ರಿಸ್ಟಾಟಾ, ಇವೆರಡನ್ನು ಒಂದು ಒಳ್ಳೆಯ ಫೋಟೊ ಇದ್ದರೆ ಗುರುತಿಸಿಬಿಡಬಹುದು. ತಲೆನೋವು ಕೊಡುವುದು ಮೂರು ಗುಂಪು. ಮೊದಲನೆಯದು ಮೆಗಾಸ್ಕಾಪ್ಸ್ ಕುಲದ ಸ್ಕ್ರೀಚ್ ಗೂಬೆಗಳು. ಎರಡನೆಯದು ಗ್ಲಾಸಿಡಿಯಂ ಕುಲದ ಪಿಗ್ಮಿ ಗೂಬೆಗಳು. ಮೂರನೆಯದು ಸಿಕ್ಕಾಬಾ ಎಂದೋ ಸ್ಟ್ರಿಕ್ಸ್ ಎಂದೋ ಕರೆಯಲಾಗುವ ಮಧ್ಯಮ ಗಾತ್ರದ ಗೂಬೆಗಳು. ಈ ಪುಟದ ಮುಕ್ಕಾಲು ಪಾಲು ಮೊದಲ ಗುಂಪಿನ ಬಗ್ಗೆಯೇ ಇದೆ, ಏಕೆಂದರೆ ಪ್ರಭೇದ ವಿಂಗಡಣೆಯ ಎಲ್ಲ ಸಮಸ್ಯೆಗಳೂ ಅಲ್ಲಿ ಒಟ್ಟಿಗೇ ಸಿಗುತ್ತವೆ.

ಬಣ್ಣ, ಗಾತ್ರ ನೋಡಿ ಹೇಳಲು ಆಗುವುದಿಲ್ಲವೆ?

ಬಹುತೇಕ ಆಗುವುದಿಲ್ಲ. ಸ್ಕ್ರೀಚ್ ಗೂಬೆಗಳಲ್ಲಿ ಒಂದೇ ಪ್ರಭೇದದೊಳಗೆ ಬೂದು, ಕಂದು, ಇಟ್ಟಿಗೆಗೆಂಪು ಬಣ್ಣದ ಹಕ್ಕಿಗಳಿರುತ್ತವೆ. ಅಟ್ಲಾಂಟಿಕ್ ಕರಾವಳಿ ಕಾಡಿನ ಮೆಗಾಸ್ಕಾಪ್ಸ್ ಅಟ್ರಿಕಾಪಿಲ್ಲಾದಲ್ಲಿ ಈ ಮೂರೂ ಬಣ್ಣ ಸಿಗುತ್ತವೆ. ಹಾಗಾಗಿ ಎರಡು ಬೇರೆ ಪ್ರಭೇದಗಳ ಕಂದು ಹಕ್ಕಿಗಳು ಪರಸ್ಪರ ಹೋಲುವಷ್ಟು, ಒಂದೇ ಪ್ರಭೇದದ ಕಂದು ಮತ್ತು ಕೆಂಪು ಹಕ್ಕಿಗಳು ಹೋಲುವುದಿಲ್ಲ. ಹಗಲು ಮರದ ತೊಗಟೆಗೆ ಒತ್ತಿಕೊಂಡು ಕೂರುವ ಹಕ್ಕಿಗೆ ತೊಗಟೆಯ ಬಣ್ಣವೇ ರಕ್ಷಣೆ. ಎಲ್ಲ ಪ್ರಭೇದಗಳ ಮೇಲೂ ಅದೇ ಒತ್ತಡ ಬೀಳುವಾಗ ಎಲ್ಲವೂ ಒಂದೇ ತರಹ ಕಾಣುವುದು ಆಶ್ಚರ್ಯವಲ್ಲ. ಕತ್ತಲಲ್ಲಿ ಜೋಡಿ ಹುಡುಕುವ ಹಕ್ಕಿ ಗುರುತು ಹಿಡಿಯುವುದು ದನಿಯಿಂದ, ಪುಕ್ಕದ ನಮೂನೆಯಿಂದಲ್ಲ.

ಬಣ್ಣವನ್ನೇ ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ ಉದಾಹರಣೆಯೂ ಇದೆ. 1982ರಲ್ಲಿ ಹೆಕ್‌ಸ್ಟ್ರಾ ಎಂಬ ಸಂಶೋಧಕರು ಅಮೆರಿಕ ಖಂಡಗಳ ಸ್ಕ್ರೀಚ್ ಗೂಬೆಗಳಲ್ಲಿ 24 ಹೊಸ ಉಪಪ್ರಭೇದಗಳನ್ನು ಒಂದೇ ಏಟಿಗೆ ಪ್ರಕಟಿಸಿದರು. ಅವುಗಳಲ್ಲಿ ಬಹಳಷ್ಟನ್ನು ನಂತರದವರು ಒಪ್ಪಲಿಲ್ಲ. ಆದರೆ ಅದೇ ಪಟ್ಟಿಯಲ್ಲಿದ್ದ ಏಟರ್ ಎಂಬ ಹೆಸರು ಮುಂದೆ ಪೂರ್ಣ ಪ್ರಭೇದದ ಹೆಸರಾಯಿತು. ಆದ್ದರಿಂದ ಹಳೆಯ ಹೆಸರುಗಳನ್ನು ನಿರ್ಲಕ್ಷಿಸುವುದೂ ತಪ್ಪು, ಕಣ್ಣುಮುಚ್ಚಿ ಒಪ್ಪುವುದೂ ತಪ್ಪು.

ಹಾಗಾದರೆ ಯಾವುದನ್ನು ನಂಬಬೇಕು?

ಮೊದಲು ಕೂಗು, ಆಮೇಲೆ ಡಿಎನ್‌ಎ, ಕೊನೆಗೆ ಪುಕ್ಕ ಮತ್ತು ಅಳತೆ. ಗೂಬೆಗಳ ಕೂಗು ಹುಟ್ಟಿನಿಂದ ಬಂದದ್ದು. ಹಾಡುಹಕ್ಕಿಗಳ ಹಾಗೆ ಅಪ್ಪನಿಂದಲೋ ನೆರೆಯವರಿಂದಲೋ ಕೇಳಿ ಕಲಿತದ್ದಲ್ಲ. ಕಲಿತ ಹಾಡಾದರೆ ಊರಿಗೊಂದು ಧಾಟಿ ಇರುತ್ತದೆ, ಅದರಿಂದ ಪ್ರಭೇದ ನಿರ್ಧರಿಸಲಾಗದು. ಹುಟ್ಟು ಕೂಗಿನಲ್ಲಿ ಕಾಣುವ ವ್ಯತ್ಯಾಸಕ್ಕೆ ವಂಶವಾಹಿಯ ಆಧಾರವಿರುತ್ತದೆ.

ಆದರೆ ಈ ಮೂರರಲ್ಲಿ ಯಾವ ಒಂದೂ ತಾನೇತಾನಾಗಿ ಸಾಲದು. ಕೂಗುಗಳ ಅಳತೆಗಳು ಒಂದರ ಮೇಲೊಂದು ಬೀಳಬಹುದು. ಮೈಟೊಕಾಂಡ್ರಿಯಾದ ಒಂದು ಜೀನ್ ಮಾತ್ರ ನೋಡಿದರೆ ತಾಯಿಯ ಕಡೆಯ ಇತಿಹಾಸ ಮಾತ್ರ ಸಿಗುತ್ತದೆ. ಮೂರೂ ಒಂದೇ ಗಡಿಯನ್ನು ತೋರಿಸಿದರೆ ಮಾತ್ರ ಗಟ್ಟಿಯಾಗಿ ಹೇಳಬಹುದು.

2021ರಲ್ಲಿ ಎರಡು ಹೊಸ ಗೂಬೆಗಳು ಸಿಕ್ಕವು ಎನ್ನುತ್ತಾರೆ. ಅದು ಹೇಗೆ ಆಯಿತು?

ವಾಟ್ಸೋನಿಯಿ–ಅಟ್ರಿಕಾಪಿಲ್ಲಾ ಗುಂಪು ಎಂದು ಕರೆಯುವ ಸ್ಕ್ರೀಚ್ ಗೂಬೆಗಳಲ್ಲಿ ಎಷ್ಟು ಪ್ರಭೇದಗಳಿವೆ ಎನ್ನುವ ಜಗಳ ಬಹಳ ಹಳೆಯದು. ಆಂಡಿಸ್ ಪರ್ವತದ ಪೂರ್ವಕ್ಕಿರುವ ತಗ್ಗು ಕಾಡುಗಳಷ್ಟೇ ಇವುಗಳ ನೆಲೆ. ಸಿಡ್ನೆಯಿ ದಾಂಟಾಸ್ ಮತ್ತು ಸಂಗಡಿಗರು 2021ರಲ್ಲಿ ಜೂಟ್ಯಾಕ್ಸಾ ಪತ್ರಿಕೆಯಲ್ಲಿ ಈ ಗುಂಪಿನ ಪೂರ್ಣ ಪರಿಶೀಲನೆ ಪ್ರಕಟಿಸಿದರು. ಅವರು ಬಳಸಿದ ಸಾಮಗ್ರಿ: ಸಂಗ್ರಹಾಲಯಗಳ 252 ಒಣ ನಮೂನೆಗಳು, 83 ಧ್ವನಿಮುದ್ರಣಗಳು, 49 ಅಂಗಾಂಶ ಮಾದರಿಗಳು. ಮೊದಲು ಮೂರು ಮೈಟೊಕಾಂಡ್ರಿಯಾ ಜೀನ್‌ ಮತ್ತು ಮೂರು ಕೋಶಕೇಂದ್ರದ ಜೀನ್‌ ಓದಿದರು. ಆರು ಕವಲುಗಳು ಸಿಕ್ಕವು. ಆದರೆ ಯಾವ ಕವಲು ಯಾವುದಕ್ಕೆ ಹತ್ತಿರ ಎನ್ನುವುದು ಸ್ಪಷ್ಟವಾಗಲಿಲ್ಲ. ಅದಕ್ಕೆ ಯುಸಿಇ ಎಂಬ, ವಿಕಾಸದಲ್ಲಿ ಬಹಳ ಕಡಿಮೆ ಬದಲಾಗುವ ಡಿಎನ್‌ಎ ತುಣುಕುಗಳನ್ನು ಅವುಗಳ ಅಕ್ಕಪಕ್ಕದ ಭಾಗದ ಸಮೇತ ಓದಬೇಕಾಯಿತು.

ಆರರಲ್ಲಿ ನಾಲ್ಕು ಕವಲಿಗೆ ಹಳೆಯ ಹೆಸರುಗಳೇ ಇದ್ದವು. ಉಳಿದ ಎರಡಕ್ಕೆ ಹೊಸ ಹೆಸರಿಟ್ಟರು. ಒಂದು ಮೆಗಾಸ್ಕಾಪ್ಸ್ ಸ್ಟ್ಯಾಂಗಿಯೆ, ಅಂದರೆ ಷಿಂಗು ಸ್ಕ್ರೀಚ್ ಗೂಬೆ. ರೈತರ ಭೂಮಿ ಹಕ್ಕಿಗಾಗಿ, ಕಾಡಿನ ಉಳಿವಿಗಾಗಿ ಕೆಲಸ ಮಾಡಿ 2005ರಲ್ಲಿ ಬ್ರೆಜಿಲ್‌ನ ಪಾರಾ ರಾಜ್ಯದ ಅನಾಪುವಿನಲ್ಲಿ ಕೊಲೆಯಾದ ಸಿಸ್ಟರ್ ಡೊರೊಥಿ ಸ್ಟ್ಯಾಂಗ್ ಅವರ ಹೆಸರು ಅದಕ್ಕಿದೆ. ಇನ್ನೊಂದು ಮೆಗಾಸ್ಕಾಪ್ಸ್ ಅಲಗೋಯೆನ್ಸಿಸ್, ಬ್ರೆಜಿಲ್‌ನ ಈಶಾನ್ಯ ಕರಾವಳಿಯದು.

ಈ ಅಧ್ಯಯನದ ನಿಜವಾದ ಪಾಠ ಹೊಸ ಹೆಸರುಗಳಲ್ಲ. ಕೂಗಿನ ಅಳತೆಗಳು ಹೆಚ್ಚಿನ ಕವಲುಗಳನ್ನು ಬೇರ್ಪಡಿಸಿದರೂ ಅವು ಸಾಕಷ್ಟು ಮಟ್ಟಿಗೆ ಒಂದರ ಮೇಲೊಂದು ಬೀಳುತ್ತಿದ್ದವು ಎಂದು ಲೇಖಕರೇ ಬರೆದಿದ್ದಾರೆ. ಕೂಗು ಕೇಳಿದ ತಕ್ಷಣ ಇಂಥದ್ದೇ ಎಂದು ಘೋಷಿಸುವವರು ಈ ಸಾಲನ್ನು ಎರಡು ಸಲ ಓದಬೇಕು.

ಆ ಆರು ಪ್ರಭೇದಗಳು ಎಲ್ಲೆಲ್ಲಿವೆ?

ಸ್ಥೂಲವಾಗಿ ಹೀಗೆ. ವಾಟ್ಸೋನಿಯಿ ಅಮೆಜಾನ್ ನದಿಯ ಉತ್ತರದ ಕಾಡುಗಳಲ್ಲಿ. ಉಸ್ಟಾ ನದಿಯ ದಕ್ಷಿಣಕ್ಕೆ, ಪಶ್ಚಿಮ ಅಮೆಜಾನ್‌ನಿಂದ ಬೊಲಿವಿಯಾ ಕಡೆಗೆ. ಸ್ಟ್ಯಾಂಗಿಯೆ ಷಿಂಗು ನದಿಯ ಪ್ರದೇಶದಲ್ಲಿ. ಏಟರ್ ಬೆಲೆಂ ನಗರದ ಸುತ್ತಲಿನ ಪೂರ್ವ ಅಂಚಿನ ಕಾಡಿನಲ್ಲಿ. ಅಲಗೋಯೆನ್ಸಿಸ್ ಸಾವೊ ಫ್ರಾನ್ಸಿಸ್ಕೊ ನದಿಯ ಉತ್ತರಕ್ಕೆ ಉಳಿದಿರುವ ಅಟ್ಲಾಂಟಿಕ್ ಕಾಡಿನ ತುಂಡುಗಳಲ್ಲಿ. ಅಟ್ರಿಕಾಪಿಲ್ಲಾ ಅದಕ್ಕಿಂತ ದಕ್ಷಿಣದ ಅಟ್ಲಾಂಟಿಕ್ ಕಾಡಿನಲ್ಲಿ, ಆಗ್ನೇಯ ಬ್ರೆಜಿಲ್‌ನಿಂದ ಪರಾಗ್ವೆ, ಅರ್ಜೆಂಟಿನಾದ ಮಿಸಿಯೊನೆಸ್‌ವರೆಗೆ.

ಇವೆಲ್ಲದರ ನಡುವೆ, ಕಾಡಂಚು, ತೋಟ, ಊರ ಮರಗಳಲ್ಲಿ ಮೆಗಾಸ್ಕಾಪ್ಸ್ ಚೋಲಿಬಾ ಇರುತ್ತದೆ. ಹೊಸಬರು ಮಾಡುವ ಅತಿ ಸಾಮಾನ್ಯ ತಪ್ಪು ಚೋಲಿಬಾವನ್ನು ವಾಟ್ಸೋನಿಯಿ ಎಂದು ಬರೆದುಕೊಳ್ಳುವುದು. ಚೋಲಿಬಾದ ಕೂಗು ಚಿಕ್ಕದು: ಪುರ್‌ರ್‌ರ್ ಎಂಬ ಕಂಪನ, ಕೊನೆಗೆ ಒಂದೆರಡು ಜೋರಾದ ಸ್ವರ. ವಾಟ್ಸೋನಿಯಿ ಗುಂಪಿನ ಕೂಗು ಒಂದೇ ತರಹದ ಸ್ವರಗಳ ಉದ್ದ ಸಾಲು. ಮೆಲ್ಲಗೆ ಶುರುವಾಗಿ ಏರಿ ಮತ್ತೆ ಇಳಿಯುತ್ತದೆ, ಕೊನೆಯಲ್ಲಿ ಆ ಜೋರು ಸ್ವರ ಇರುವುದಿಲ್ಲ.

ನದಿ ದಾಟಿದರೆ ಪ್ರಭೇದ ಬದಲಾಗುತ್ತದೆಯೆ? ಗೂಬೆಗೆ ರೆಕ್ಕೆ ಇದೆಯಲ್ಲ!

ರೆಕ್ಕೆ ಇದೆ, ಆದರೆ ದಟ್ಟ ಕಾಡಿನ ಒಳಗೇ ಬದುಕುವ ಹಕ್ಕಿ ಹಲವಾರು ಕಿಲೋಮೀಟರ್ ಅಗಲದ ತೆರೆದ ನೀರಿನ ಮೇಲೆ ಹಾರುವುದು ಅಪರೂಪ. ಅಮೆಜಾನ್‌ನ ದೊಡ್ಡ ನದಿಗಳು ಪ್ರಾಣಿಗಳ ಗಡಿಗಳಾಗಿವೆ ಎನ್ನುವುದನ್ನು ಆಲ್ಫ್ರೆಡ್ ರಸೆಲ್ ವಾಲೆಸ್ 1852ರಲ್ಲಿ ಅಲ್ಲಿನ ಕೋತಿಗಳ ಬಗ್ಗೆ ಬರೆಯುತ್ತ ಗುರುತಿಸಿದ್ದರು. ಇಂದು ಅಮೆಜಾನ್ ತಗ್ಗು ಕಾಡನ್ನು ಗಯಾನಾ, ಇಮೆರಿ, ನಾಪೊ, ಇನಾಂಬಾರಿ, ರೊಂಡೋನಿಯಾ, ತಪಾಜೋಸ್, ಷಿಂಗು, ಬೆಲೆಂ ಎಂಬ ಎಂಟು ಸ್ಥಾನಿಕ ವಲಯಗಳಾಗಿ, ಅಂದರೆ ತಮ್ಮದೇ ಪ್ರಭೇದಗಳಿರುವ ಪ್ರದೇಶಗಳಾಗಿ, ನೋಡುತ್ತಾರೆ. ಗಡಿಗಳು ಬಹುಮಟ್ಟಿಗೆ ನದಿಗಳೇ.

ಒಂದು ಎಚ್ಚರಿಕೆ. ಹಕ್ಕಿ ಯಾವ ದಡದಲ್ಲಿತ್ತು ಎನ್ನುವುದರಿಂದಲೇ ಅದಕ್ಕೆ ಹೆಸರಿಟ್ಟು, ಆಮೇಲೆ ಆ ಹೆಸರುಗಳನ್ನು ಬಳಸಿ ನದಿಯೇ ಗಡಿ ಎಂದು ಸಾಧಿಸಿದರೆ ವಾದ ಸುತ್ತು ಹೊಡೆದು ಹೊರಟಲ್ಲಿಗೇ ಬಂದಂತೆ. ಧ್ವನಿ ಸಂಗ್ರಹಗಳಲ್ಲಿ ಹೀಗೆ ಸ್ಥಳ ನೋಡಿ ಹೆಸರು ಹಚ್ಚಿದ ಕಡತಗಳು ಬೇಕಾದಷ್ಟಿವೆ. ಅಧ್ಯಯನಕ್ಕೆ ಬಳಸುವಾಗ ಹೆಸರನ್ನು ಅಳಿಸಿ, ಅಕ್ಷಾಂಶ ರೇಖಾಂಶ ಮಾತ್ರ ಇಟ್ಟುಕೊಂಡು ಮೊದಲು ಅಳೆಯಿರಿ. ನದಿಗಳ ಮೇಲ್ಭಾಗದಲ್ಲಿ, ಪಾತ್ರ ಕಿರಿದಾಗುವ ಕಡೆ, ಎರಡೂ ದಡದ ಮಾದರಿ ಇಲ್ಲದಿದ್ದರೆ ಗಡಿಯ ಬಗ್ಗೆ ಮಾತಾಡದಿರುವುದೇ ಮೇಲು.

ಕೂಗನ್ನು ಮುದ್ರಿಸಲು ಯಾವ ಸಲಕರಣೆ ಬೇಕು?

ಗೂಬೆಯ ಕೂಗು ತಗ್ಗಿನ ಸ್ವರ. ಸ್ಕ್ರೀಚ್ ಗೂಬೆಗಳದ್ದು 1 ಕಿಲೋಹರ್ಟ್ಸ್ ಆಸುಪಾಸು ಅಥವಾ ಅದಕ್ಕೂ ಕೆಳಗೆ. ಈ ಒಂದು ಸಂಗತಿಯಿಂದ ಉಳಿದದ್ದೆಲ್ಲ ನಿರ್ಧಾರವಾಗುತ್ತದೆ.

ಹಕ್ಕಿ ದನಿಗೆ ಪ್ಯಾರಾಬೊಲಾ ತಟ್ಟೆಯೇ ಶ್ರೇಷ್ಠ ಎಂದು ನಂಬಿದವರು ಇಲ್ಲಿ ನಿರಾಶರಾಗುತ್ತಾರೆ. 600 ಹರ್ಟ್ಸ್ ಸ್ವರದ ತರಂಗದ ಉದ್ದ ಸುಮಾರು 57 ಸೆಂಟಿಮೀಟರ್. ತಟ್ಟೆಯ ಅಗಲವೂ ಅಷ್ಟೇ ಇದ್ದರೆ ಅದು ಧ್ವನಿಯನ್ನು ಸರಿಯಾಗಿ ಕೇಂದ್ರೀಕರಿಸುವುದಿಲ್ಲ, ಬದಲಿಗೆ ಮೇಲಿನ ಸ್ವರದ ಕೀಟಗಳ ಗದ್ದಲವನ್ನು ಹಿಗ್ಗಿಸುತ್ತದೆ. ಮುಂದಿನ ದಿಕ್ಕಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಉದ್ದನೆಯ ಶಾಟ್‌ಗನ್ ಮೈಕ್ ಉತ್ತಮ. ಮೈಕಿಗೆ ಗಾಳಿತಡೆಯ ರೋಮದ ಕವಚ ಬೇಕೇ ಬೇಕು.

ರೆಕಾರ್ಡರ್‌ನಲ್ಲಿ ವೇವ್ ಕಡತ, 48 ಕಿಲೋಹರ್ಟ್ಸ್, 24 ಬಿಟ್ ಇಡಿ. ಸದ್ದಿನ ಮಟ್ಟವನ್ನು ತಾನಾಗಿ ಹೊಂದಿಸುವ ಆಟೊ ಗೇನ್ ಬಂದ್ ಮಾಡಿ. ಅದು ಮೆಲ್ಲಗಿನ ಸ್ವರವನ್ನು ಎತ್ತಿ ಜೋರಿನದನ್ನು ತಗ್ಗಿಸುವುದರಿಂದ ಕೂಗು ಏರಿ ಇಳಿಯುವ ರೀತಿಯೇ ಸುಳ್ಳಾಗುತ್ತದೆ, ಮತ್ತು ಆ ಏರಿಳಿತವೂ ಒಂದು ಲಕ್ಷಣ. ತಗ್ಗಿನ ಸ್ವರಗಳನ್ನು ಕತ್ತರಿಸುವ ಲೋ ಕಟ್ ಫಿಲ್ಟರ್ ಕೂಡ ಬಂದ್ ಮಾಡಿಬಿಡಿ, ಇಲ್ಲವೇ 100 ಹರ್ಟ್ಸ್‌ಗಿಂತ ಮೇಲೆ ಏರಿಸಬೇಡಿ. ಗಾಳಿಯ ಗೊರಗೊರ ಸದ್ದನ್ನು ಮನೆಗೆ ಬಂದು ತೆಗೆಯಬಹುದು, ಕತ್ತರಿಸಿ ಹೋದ ಸ್ವರವನ್ನು ಮರಳಿ ತರಲಾಗದು.

ರಾತ್ರಿಯಿಡೀ ಮುದ್ರಿಸುವ ಆಡಿಯೊಮಾತ್ ಥರದ ಸಣ್ಣ ಪೆಟ್ಟಿಗೆಗಳು ಈಗ ಎಲ್ಲರ ಕೈಗೆಟಕುತ್ತವೆ. ಗೂಬೆಗಷ್ಟೇ ಆದರೆ 16 ಕಿಲೋಹರ್ಟ್ಸ್ ಸಾಕು, ಕಾರ್ಡೂ ಬ್ಯಾಟರಿಯೂ ಉಳಿಯುತ್ತವೆ. ಮಳೆಕಾಡಿನಲ್ಲಿ ಪೆಟ್ಟಿಗೆಯನ್ನು ಕೆಡಿಸುವುದು ಮಳೆಗಿಂತ ಹೆಚ್ಚಾಗಿ ಇರುವೆ, ತೇವ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಅಂಚುಗಳನ್ನು ಮುಚ್ಚಿ. ಕತ್ತಲಾದ ಮೇಲಿನ ಎರಡು ಗಂಟೆ ಮತ್ತು ಬೆಳಗಿನ ಜಾವದ ಒಂದು ಗಂಟೆ ತಪ್ಪಿಸಬೇಡಿ.

ಪ್ರತಿ ಕಡತದ ಆರಂಭ ಅಥವಾ ಕೊನೆಯಲ್ಲಿ ದಿನಾಂಕ, ಸಮಯ, ಸ್ಥಳ, ಎತ್ತರ, ಅದು ತಾನಾಗಿ ಕೂಗಿದ್ದೋ ಪ್ಲೇಬ್ಯಾಕ್‌ಗೆ (ನಾವು ನುಡಿಸಿದ ಮುದ್ರಿತ ಕೂಗಿಗೆ) ಉತ್ತರಿಸಿದ್ದೋ ಎಂದು ಬಾಯಲ್ಲಿ ಹೇಳಿ. ಕೊನೆಯ ವಿವರವನ್ನು ಜನ ಮರೆಯುತ್ತಾರೆ. ಕೆರಳಿದ ಹಕ್ಕಿಯ ಕೂಗು ಮಾಮೂಲಿ ಕೂಗಿಗಿಂತ ಬೇರೆಯಾಗಿರಬಹುದು. ಎರಡನ್ನೂ ಒಂದೇ ಕೋಷ್ಟಕಕ್ಕೆ ಹಾಕಿದರೆ ಇಲ್ಲದ ವ್ಯತ್ಯಾಸ ಹುಟ್ಟಿಕೊಳ್ಳುತ್ತದೆ.

ಕೂಗನ್ನು ಅಳೆಯುವುದು ಹೇಗೆ?

ರೇವನ್ ಅಥವಾ ಅಂಥದೇ ತಂತ್ರಾಂಶದಲ್ಲಿ ಸ್ಪೆಕ್ಟ್ರೋಗ್ರಾಂ, ಅಂದರೆ ಕಾಲ ಮತ್ತು ಸ್ವರದ ಎತ್ತರ ತೋರಿಸುವ ಧ್ವನಿಚಿತ್ರ, ತೆರೆಯಿರಿ. ಇಲ್ಲಿ ಒಂದು ಚೌಕಾಸಿ ಇದೆ. 48 ಕಿಲೋಹರ್ಟ್ಸ್ ಕಡತಕ್ಕೆ 2048 ಮಾದರಿಗಳ ವಿಂಡೊ (ಒಂದು ಸಲಕ್ಕೆ ವಿಶ್ಲೇಷಿಸುವ ಧ್ವನಿಯ ತುಣುಕು) ಕೊಟ್ಟರೆ ಸ್ವರದ ಎತ್ತರ ಸುಮಾರು 23 ಹರ್ಟ್ಸ್‌ನಷ್ಟು ನುಣುಪಾಗಿ ಸಿಗುತ್ತದೆ, ಆದರೆ ಕಾಲ 43 ಮಿಲಿಸೆಕೆಂಡಿನಷ್ಟು ಮಸುಕಾಗುತ್ತದೆ. 512 ಕೊಟ್ಟರೆ ಕಾಲ 11 ಮಿಲಿಸೆಕೆಂಡಿಗೆ ಚುರುಕಾಗುತ್ತದೆ, ಸ್ವರದ ಎತ್ತರ 94 ಹರ್ಟ್ಸ್‌ನಷ್ಟು ಒರಟಾಗುತ್ತದೆ. ಹಾಗಾಗಿ ಎತ್ತರಕ್ಕೆ ಒಂದು ಸಲ, ವೇಗಕ್ಕೆ ಇನ್ನೊಂದು ಸಲ, ಎರಡು ಬೇರೆ ವಿಂಡೊಗಳಲ್ಲಿ ಅಳೆಯಿರಿ. ಯಾವುದನ್ನು ಬಳಸಿದಿರಿ ಎಂದು ಬರೆದಿಡಿ. ಬೇರೆಯವರ ಅಂಕಿಗಳ ಜೊತೆ ಹೋಲಿಸಿದಾಗ ಬರುವ ಜಗಳಗಳಲ್ಲಿ ಅರ್ಧ ಇದರಿಂದಲೇ.

ಅಳೆಯಬೇಕಾದವು: ಇಡೀ ಕೂಗಿನ ಅವಧಿ, ಸ್ವರಗಳ ಸಂಖ್ಯೆ, ಸೆಕೆಂಡಿಗೆ ಎಷ್ಟು ಸ್ವರ, ಒಂದು ಸ್ವರದ ಉದ್ದ, ಎರಡು ಸ್ವರಗಳ ನಡುವಿನ ಬಿಡುವು, ಅತಿ ಜೋರಾದ ಆವರ್ತನ, ಮತ್ತು ವೇಗ ಕೂಗಿನುದ್ದಕ್ಕೂ ಒಂದೇ ಇದೆಯೋ ಬದಲಾಗುತ್ತದೆಯೋ ಎನ್ನುವುದು.

ವೇಗ ಲೆಕ್ಕ ಹಾಕುವಾಗ ಬಹಳ ಮಂದಿ ಎಡವುತ್ತಾರೆ. ಮೊದಲ ಸ್ವರದ ಆರಂಭದಿಂದ ಕೊನೆಯ ಸ್ವರದ ಆರಂಭಕ್ಕೆ ಇರುವ ಸಮಯ ತೆಗೆದುಕೊಂಡು, ಸ್ವರಗಳ ಸಂಖ್ಯೆಯಲ್ಲಿ ಒಂದು ಕಳೆದು ಭಾಗಿಸಬೇಕು. 25 ಸ್ವರಗಳಿದ್ದು ಆ ಸಮಯ 6 ಸೆಕೆಂಡ್ ಆದರೆ ವೇಗ 24 ಭಾಗ 6, ಅಂದರೆ ಸೆಕೆಂಡಿಗೆ 4. ನೇರವಾಗಿ 25 ಭಾಗ 6 ಮಾಡಿದರೆ 4.17 ಬರುತ್ತದೆ. ಉದ್ದನೆಯ ಕೂಗಿನಲ್ಲಿ ಈ ತಪ್ಪು ಸಣ್ಣದು. ಚಿಕ್ಕ ಕೂಗಿನಲ್ಲಿ ದೊಡ್ಡದಾಗುತ್ತದೆ. 5 ಸ್ವರ 1 ಸೆಕೆಂಡಿನಲ್ಲಿ ಎಂದಾದರೆ 4ರ ಬದಲು 5 ಬರುತ್ತದೆ, ಅಂದರೆ ಎರಡು ಪ್ರಭೇದಗಳ ನಡುವೆ ಇರಬಹುದಾದಷ್ಟೇ ಅಂತರ.

ಒಂದು ಹಕ್ಕಿಯ 10 ಕೂಗು ಅಳೆದರೆ 10 ಮಾದರಿ ಆಗುವುದಿಲ್ಲ. ಅವುಗಳ ಸರಾಸರಿ ತೆಗೆದು ಒಂದು ಹಕ್ಕಿ ಎಂದೇ ಎಣಿಸಿ. ಮೆಲ್ಲಗೆ ಶುರುವಾಗುವ ಕೂಗಿನಲ್ಲಿ ಮೊದಲ ಕೆಲವು ಸ್ವರಗಳು ದೂರದಿಂದ ಮುದ್ರಿಸಿದಾಗ ಸಿಗುವುದೇ ಇಲ್ಲ. ಅಂಥ ಕಡತದಿಂದ ಅವಧಿಯನ್ನು ತೆಗೆದುಕೊಳ್ಳಬೇಡಿ, ವೇಗವನ್ನು ಮಾತ್ರ ತೆಗೆದುಕೊಳ್ಳಿ.

ಗಂಡು ಹೆಣ್ಣಿನ ಕೂಗು ಬೇರೆಯೆ?

ಬೇರೆ. ಸ್ಕ್ರೀಚ್ ಗೂಬೆಗಳಲ್ಲಿ ಹೆಣ್ಣು ಗಾತ್ರದಲ್ಲಿ ದೊಡ್ಡದು, ಆದರೂ ದನಿ ಗಂಡಿನದಕ್ಕಿಂತ ಎತ್ತರದ್ದು. ಜೋಡಿ ಕೂಗುವುದನ್ನು ಕೇಳಿ ಎರಡು ಪ್ರಭೇದ ಎಂದುಕೊಂಡವರಿದ್ದಾರೆ. ಜೊತೆಗೆ ಮೆಗಾಸ್ಕಾಪ್ಸ್ ಗೂಬೆಗಳಿಗೆ ಎರಡು ಬಗೆಯ ಹಾಡು ಇರುತ್ತದೆ. ಒಂದರ ಮೊದಲ ಹಾಡನ್ನು ಇನ್ನೊಂದರ ಎರಡನೆಯ ಹಾಡಿನ ಜೊತೆ ಹೋಲಿಸಿದರೆ ಇಡೀ ವಿಶ್ಲೇಷಣೆ ವ್ಯರ್ಥ.

ಪ್ಲೇಬ್ಯಾಕ್ ಹಾಕಿ ಪರೀಕ್ಷಿಸಬಹುದೆ?

ಹಾಕಬಹುದು, ಮಿತಿಯಲ್ಲಿ. 20–30 ಸೆಕೆಂಡ್ ಹಾಕಿ, ಎರಡು ಮೂರು ನಿಮಿಷ ಸುಮ್ಮನಿದ್ದು ಕೇಳಿ. ಮೂರು ಸಲಕ್ಕೆ ಉತ್ತರ ಬಾರದಿದ್ದರೆ ಬಿಟ್ಟು ಹೊರಡಿ. ಉತ್ತರ ಬಂದರೆ ಕೂಡಲೇ ನಿಲ್ಲಿಸಿ. ಗೂಡಿನ ಹತ್ತಿರ ಬೇಡವೇ ಬೇಡ. ಹಕ್ಕಿ ಬೇರೆ ಪ್ರಭೇದದ ಕೂಗಿಗೂ ಸಿಟ್ಟಾಗಿ ಬರಬಹುದು, ತನ್ನದೇ ಪ್ರಭೇದದ ಕೂಗಿಗೆ ಭಯದಿಂದ ಸುಮ್ಮನಿರಬಹುದು. ಅದರಿಂದ ಒಂದು ಹಕ್ಕಿಯ ಉತ್ತರ ಸಾಕ್ಷಿಯಲ್ಲ. ಸ್ವಂತ ಕೂಗು, ನೆರೆಯ ಕೂಗು, ಸಂಬಂಧವಿಲ್ಲದ ಹಕ್ಕಿಯ ಕೂಗು ಮೂರನ್ನೂ ಬೇರೆ ಬೇರೆ ರಾತ್ರಿ, ಬದಲಾಗುವ ಕ್ರಮದಲ್ಲಿ, ಹಲವು ಜೋಡಿಗಳ ಮೇಲೆ ಹಾಕಿದಾಗ ಮಾತ್ರ ಅದು ಪ್ರಯೋಗ.

ಡಿಎನ್‌ಎ ಮಾದರಿ ಎಲ್ಲಿಂದ ಬರುತ್ತದೆ? ಎಷ್ಟು ಬೇಕು?

ಜೀವಂತ ಹಕ್ಕಿಯನ್ನು ಮಂಜುಬಲೆಯಲ್ಲಿ ಹಿಡಿದರೆ ರೆಕ್ಕೆಯ ರಕ್ತನಾಳದಿಂದ ಒಂದೆರಡು ಹನಿ, ಸುಮಾರು 50 ಮೈಕ್ರೊಲೀಟರ್ ಸಾಕು. ಹಕ್ಕಿಗಳ ಕೆಂಪು ರಕ್ತಕಣಗಳಲ್ಲೂ ಕೋಶಕೇಂದ್ರ ಇರುವುದರಿಂದ ಸ್ವಲ್ಪ ರಕ್ತದಲ್ಲೇ ಬಹಳ ಡಿಎನ್‌ಎ ಸಿಗುತ್ತದೆ. ಅದನ್ನು ಕೋಶ ಒಡೆಯುವ ಲೈಸಿಸ್ ಬಫರ್‌ಗೋ 95 ಶೇಕಡ ಎಥನಾಲ್‌ಗೋ ಹಾಕಬೇಕು. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಹಚ್ಚಿದ ನಳಿಗೆ ಬಳಸಬೇಡಿ, ಅದು ಮುಂದೆ ಡಿಎನ್‌ಎಯನ್ನು ಹಲವು ಪಟ್ಟು ನಕಲಿಸುವ ಪಿಸಿಆರ್ ಕ್ರಿಯೆಯನ್ನೇ ತಡೆಯುತ್ತದೆ.

ಹಳೆಯ ಸಂಗ್ರಹಾಲಯ ನಮೂನೆಗಳಾದರೆ ಕಾಲ್ಬೆರಳಿನ ಅಡಿಯ ಮೆತ್ತೆಯಿಂದ ಎರಡು ಮೂರು ಮಿಲಿಮೀಟರ್ ಚೂರು ಕತ್ತರಿಸುತ್ತಾರೆ. ಅದರ ಡಿಎನ್‌ಎ ಸಣ್ಣ ಸಣ್ಣ ತುಂಡಾಗಿರುತ್ತದೆ. ಆದ್ದರಿಂದ ಉದ್ದ ಜೀನ್ ಒಂದೇ ಸಲ ಓದಲು ಹೋಗಬೇಡಿ. ಹೊಸ ರಕ್ತದ ಮಾದರಿಗಳಿರುವ ಕೋಣೆಯಲ್ಲಿ ಹಳೆಯ ಚೂರನ್ನು ತೆರೆಯಲೇಬಾರದು. ಪ್ರತಿ ಸುತ್ತಿನಲ್ಲೂ ಏನೂ ಹಾಕದ ಒಂದು ಖಾಲಿ ನಳಿಗೆ ಜೊತೆಗಿರಬೇಕು. ಅದರಲ್ಲಿ ಗೂಬೆ ಕಂಡರೆ ಇಡೀ ಸುತ್ತು ಕಸಕ್ಕೆ.

ಇನ್ನೊಂದು ಬಲೆ: ಮೈಟೊಕಾಂಡ್ರಿಯಾ ಜೀನಿನ ನಕಲುಗಳು ಕೋಶಕೇಂದ್ರದೊಳಗೂ ಸೇರಿಕೊಂಡಿರುತ್ತವೆ. ರಕ್ತದಿಂದ ತೆಗೆದ ಮಾದರಿಯಲ್ಲಿ ಇವು ಹೆಚ್ಚು ಕಾಡುತ್ತವೆ. ಪ್ರೋಟೀನ್ ಜೀನಿನ ನಡುವೆ ಸ್ಟಾಪ್ ಕೋಡಾನ್ (ಪ್ರೋಟೀನ್ ಕಟ್ಟುವುದನ್ನು ನಿಲ್ಲಿಸುವ ಸಂಕೇತ) ಕಂಡರೆ ಹೊಸ ಪ್ರಭೇದ ಎಂದು ಕುಣಿಯುವ ಮೊದಲು ಇದನ್ನು ಅನುಮಾನಿಸಿ.

ಅನುಮತಿ ಇಲ್ಲದೆ ಇದಾವುದೂ ಸಾಧ್ಯವಿಲ್ಲ. ಬ್ರೆಜಿಲ್‌ನಲ್ಲಿ ಹಿಡಿಯಲು, ಸಂಗ್ರಹಿಸಲು ಸಿಸ್‌ಬಿಯೊ ವ್ಯವಸ್ಥೆಯ ಮೂಲಕ ಪರವಾನಗಿ ಬೇಕು. ಅಲ್ಲಿನ ವಂಶವಾಹಿ ಸಂಪತ್ತಿನ ಬಳಕೆಯನ್ನು 2015ರ 13.123ನೇ ಕಾನೂನಿನಂತೆ ಸಿಸ್‌ಜೆನ್ ಎಂಬ ಸರ್ಕಾರಿ ನೋಂದಣಿ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು.

ಒಣ ನಮೂನೆಗಳನ್ನು ಅಳೆಯುವಾಗ ಏನು ಎಚ್ಚರ?

ರೆಕ್ಕೆಯನ್ನು ಚಪ್ಪಟೆಯಾಗಿ ಒತ್ತಿ ಅಳೆದಿರೋ ಅದರ ಸಹಜ ಬಾಗಿನಲ್ಲೇ ಅಳೆದಿರೋ ಬರೆಯಿರಿ, ಎರಡಕ್ಕೂ ಕೆಲವು ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಗಂಡು ಹೆಣ್ಣುಗಳನ್ನು ಬೇರೆ ಬೇರೆ ವಿಶ್ಲೇಷಿಸಿ. ಒಣಗಿದ ಹಕ್ಕಿಯ ಕಣ್ಣಿನ ಬಣ್ಣ ಉಳಿಯುವುದಿಲ್ಲ, ಚೀಟಿಯಲ್ಲಿ ಸಂಗ್ರಹಕಾರ ಬರೆದಿದ್ದರೆ ಮಾತ್ರ ಗೊತ್ತಾಗುತ್ತದೆ. ಹಳೆಯ ಕಂದು ನಮೂನೆಗಳು ದಶಕಗಳು ಕಳೆದಂತೆ ಕೆಂಪಿಗೆ ತಿರುಗುತ್ತವೆ. 1900ರ ಸುಮಾರಿನ ಹಕ್ಕಿಯನ್ನು 2000ದ ಹಕ್ಕಿಯ ಪಕ್ಕ ಇಟ್ಟು ಇದು ಕೆಂಪು ಪ್ರಭೇದ ಎನ್ನುವಂತಿಲ್ಲ.

ಪಿಗ್ಮಿ ಗೂಬೆಗಳ ಕಥೆ ಏನು?

ಇವು ಹಗಲೂ ಓಡಾಡುತ್ತವೆ, ಹಾಗಾಗಿ ನೋಡಲು ಸಿಗುತ್ತವೆ. ಆದರೂ ಗೊಂದಲ ಕಡಿಮೆಯಿಲ್ಲ. ಅಮೆಜಾನ್ ಕಾಡಿನ ಮೇಲ್ಛಾವಣಿಯ ಗ್ಲಾಸಿಡಿಯಂ ಹಾರ್ಡಿಯಿಯನ್ನು 1990ರವರೆಗೆ ಪ್ರತ್ಯೇಕ ಪ್ರಭೇದ ಎಂದು ಯಾರೂ ಹೆಸರಿಸಿರಲಿಲ್ಲ. ಅದರ ಕೂಗು ಬಿಡಿಸಿ ಎಣಿಸಲಾಗದ ವೇಗದ ಕಂಪನ. ಅದೇ ಪ್ರದೇಶದ ಕಾಡಂಚಿನ ಗ್ಲಾಸಿಡಿಯಂ ಬ್ರೆಸಿಲಿಯಾನಂ ಪು ಪು ಪು ಎಂದು ಬಿಡಿಬಿಡಿಯಾಗಿ, ಸೆಕೆಂಡಿಗೆ ಸುಮಾರು ಮೂರರಂತೆ, ನಿಲ್ಲದೆ ಕೂಗುತ್ತದೆ. ನೋಡಲು ಸಿಕ್ಕರೆ ನೆತ್ತಿ ಗಮನಿಸಿ: ಹಾರ್ಡಿಯಿಗೆ ಬೂದು ತಲೆಯ ಮೇಲೆ ಚುಕ್ಕೆ, ಬ್ರೆಸಿಲಿಯಾನಂಗೆ ಸಣ್ಣ ಗೆರೆ. ಹಿಂದಲೆಯ ಎರಡು ಕಪ್ಪು ಸುಳ್ಳುಕಣ್ಣುಗಳು ಎರಡಕ್ಕೂ ಇರುವುದರಿಂದ ಅವು ಉಪಯೋಗಕ್ಕೆ ಬಾರವು.

ಆಂಡಿಸ್ ಇಳಿಜಾರಿನಲ್ಲಿ ಎತ್ತರ ಬದಲಾದಂತೆ ಪ್ರಭೇದ ಬದಲಾಗುತ್ತದೆ. ಬೊಲಿವಿಯಾನಂ 1991ರಲ್ಲಿ, ಪಾರ್ಕೆರಿ 1995ರಲ್ಲಿ, ನುಬಿಕೋಲಾ 1999ರಲ್ಲಿ ಹೆಸರು ಪಡೆದವು. ಮೂರರಲ್ಲೂ ಸುಳಿವು ಕೊಟ್ಟದ್ದು ಕೂಗು. ಅಲ್ಲಿ ಮುದ್ರಿಸುವಾಗ ಎತ್ತರವನ್ನು ಮೀಟರ್‌ಗಳಲ್ಲಿ ಬರೆಯದಿದ್ದರೆ ಮುದ್ರಣದ ಬೆಲೆ ಅರ್ಧವಾಗುತ್ತದೆ.

ಸಾನ್ ಇಸಿದ್ರೊ ಗೂಬೆ ಯಾವ ಪ್ರಭೇದ?

ಈಕ್ವೆಡಾರ್‌ನ ಪೂರ್ವ ಇಳಿಜಾರಿನಲ್ಲಿ, ಸುಮಾರು 2,000 ಮೀಟರ್ ಎತ್ತರದ ಕೊಸಾಂಗಾ ಬಳಿಯ ಸಾನ್ ಇಸಿದ್ರೊ ವಸತಿಗೃಹದ ದೀಪದ ಬೆಳಕಿಗೆ ಬರುವ, ಮೂರನೆಯ (ಸಿಕ್ಕಾಬಾ) ಗುಂಪಿನ ಕಪ್ಪು ಬಿಳಿ ಗೂಬೆಯಿದು. ನೋಟದಲ್ಲಿ ತಗ್ಗು ಅಮೆಜಾನ್‌ನ ಹುಹುಲಾ ಮತ್ತು ಆಂಡಿಸ್‌ನ ಆಚೆ ಕಡೆಯ ನಿಗ್ರೊಲಿನಿಯಾಟಾ ಎರಡರ ನಡುವಿನದು. ಸಾವಿರಾರು ಜನ ಫೋಟೊ ತೆಗೆದಿದ್ದಾರೆ. ಫೋಟೊ ಎಷ್ಟಿದ್ದರೂ ಪ್ರಭೇದ ತೀರ್ಮಾನವಾಗುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ನಿಮ್ಮ ಪಟ್ಟಿಯಲ್ಲಿ ಎರಡರಲ್ಲಿ ಒಂದು ಎಂದು ಬರೆದುಕೊಳ್ಳಿ.

ಪ್ರಭೇದ ಹೌದೋ ಅಲ್ಲವೋ ಎಂದು ಅಂತಿಮವಾಗಿ ತೀರ್ಮಾನಿಸುವವರು ಯಾರು?

ಒಬ್ಬರಲ್ಲ. ಹೆಸರು ಇಡುವ ನಿಯಮ ಅಂತರರಾಷ್ಟ್ರೀಯ ಪ್ರಾಣಿನಾಮಕರಣ ಸಂಹಿತೆಯದು. ಹೊಸ ಹೆಸರಿಗೆ ಒಂದು ಹೋಲೋಟೈಪ್, ಅಂದರೆ ಆ ಹೆಸರಿಗೆ ಆಧಾರವಾಗುವ ನಮೂನೆ, ನಿಗದಿಪಡಿಸಬೇಕು, ಪ್ರಕಟಣೆ ವಿದ್ಯುನ್ಮಾನ ರೂಪದ್ದಾದರೆ ಜೂಬ್ಯಾಂಕ್‌ನಲ್ಲಿ ನೋಂದಣಿ ಇರಬೇಕು. ಆದರೆ ಹೆಸರು ಸಿಂಧುವಾದ ಮಾತ್ರಕ್ಕೆ ಎಲ್ಲರೂ ಅದನ್ನು ಪ್ರಭೇದ ಎಂದು ಒಪ್ಪಬೇಕೆಂದಿಲ್ಲ. ದಕ್ಷಿಣ ಅಮೆರಿಕದ ವರ್ಗೀಕರಣ ಸಮಿತಿ ಪ್ರತಿ ಪ್ರಸ್ತಾವವನ್ನು ಮತಕ್ಕೆ ಹಾಕುತ್ತದೆ, ಸದಸ್ಯರ ಕಾರಣಗಳನ್ನು ಬಹಿರಂಗವಾಗಿ ಪ್ರಕಟಿಸುತ್ತದೆ. ಓದಿದರೆ ಒಳ್ಳೆಯ ಪಾಠಶಾಲೆ. ಬ್ರೆಜಿಲ್‌ಗೆ ತನ್ನದೇ ಸಮಿತಿ ಇದೆ. ಜಗತ್ತಿನ ಹಕ್ಕಿಗಳ ಐಒಸಿ, ಕ್ಲೆಮೆಂಟ್ಸ್, ಬರ್ಡ್‌ಲೈಫ್ ಪಟ್ಟಿಗಳನ್ನು ಒಂದುಗೂಡಿಸಲು 2025ರಲ್ಲಿ ಏವಿಲಿಸ್ಟ್ ಬಂದಿದೆ.

ಬರ್ಡ್‌ಲೈಫ್ ಬಳಸುತ್ತ ಬಂದ 2010ರ ಅಂಕ ಪದ್ಧತಿಯಲ್ಲಿ ಪುಕ್ಕ, ಕೂಗು, ಅಳತೆ, ನಡವಳಿಕೆ, ಭೌಗೋಳಿಕ ಸಂಬಂಧಗಳಿಗೆ ಒಂದೊಂದು ವ್ಯತ್ಯಾಸಕ್ಕೆ 1ರಿಂದ 4 ಅಂಕ, ಒಟ್ಟು 7 ಅಥವಾ ಹೆಚ್ಚು ಆದರೆ ಪ್ರಭೇದ. ಡಿಎನ್‌ಎಗೆ ಅಂಕವಿಲ್ಲ. ಕೂಗಿನ ಎರಡು ಲಕ್ಷಣಕ್ಕಿಂತ ಹೆಚ್ಚು ಎಣಿಸುವಂತಿಲ್ಲ. ಬಣ್ಣಬಣ್ಣದ ಹಗಲು ಹಕ್ಕಿಗಳಿಗೆ ಇದು ಹೊಂದಬಹುದು. ಪುಕ್ಕದಲ್ಲಿ ವ್ಯತ್ಯಾಸವೇ ಇಲ್ಲದ ಗೂಬೆಗಳಿಗೆ ಅನ್ಯಾಯ ಎನ್ನುವುದು ನಮ್ಮ ಅಭಿಪ್ರಾಯ.

ಕುಲಗಳ ಹೆಸರು ಯಾಕೆ ಆಗಾಗ ಬದಲಾಗುತ್ತದೆ?

ಹಳೆಯ ಕುಲಗಳು ನೋಟದ ಮೇಲೆ ನಿಂತಿದ್ದವು. 2020ರಲ್ಲಿ 43 ಪ್ರಭೇದಗಳ ಯುಸಿಇ ಅಧ್ಯಯನವೊಂದು ಮೆಗಾಸ್ಕಾಪ್ಸ್, ಸ್ಟ್ರಿಕ್ಸ್, ಓಟಸ್, ಬ್ಯೂಬೊ ಕುಲಗಳು ಒಂದೇ ಮೂಲದ ಎಲ್ಲ ಸಂತತಿಯನ್ನೂ ಒಳಗೊಂಡಿಲ್ಲ ಎಂದು, ಗ್ಲಾಸಿಡಿಯಂ ಅಂತೂ ಬೇರೆ ಬೇರೆ ಮೂಲಗಳ ಬೆರಕೆ ಎಂದು ತೋರಿಸಿತು. ಹಾಗಾಗಿ ಇನ್ನೂ ಕೆಲವು ಬದಲಾವಣೆ ಬರುತ್ತವೆ. ಟಿಪ್ಪಣಿಯಲ್ಲಿ ಯಾವ ಪಟ್ಟಿಯ ಯಾವ ವರ್ಷದ ಆವೃತ್ತಿ ಬಳಸಿದಿರಿ ಎಂದು ಬರೆದರೆ ಸಾಕು.

ನಮ್ಮ ಊರಿನ ಗೂಬೆಗಳಿಗೂ ಇವಕ್ಕೂ ಸಂಬಂಧ ಇದೆಯೆ?

ಇದೆ. ಕರ್ನಾಟಕದ ಮಾವಿನ ತೋಪು, ಹಳೇ ಹುಣಸೆಮರಗಳಲ್ಲಿ ಸಿಗುವ ಕೊಂಬಿನ ಪುಕ್ಕದ ಸಣ್ಣ ಗೂಬೆ ಓಟಸ್ ಬಕ್ಕಮೀನಾ. ಅಮೆರಿಕದ ಸ್ಕ್ರೀಚ್ ಗೂಬೆಗಳೂ ಹಿಂದೆ ಓಟಸ್ ಕುಲದಲ್ಲೇ ಇದ್ದವು. ಡಿಎನ್‌ಎ ಮತ್ತು ಕೂಗಿನ ಆಧಾರದ ಮೇಲೆ ಅಮೆರಿಕದ ಪಕ್ಷಿವಿಜ್ಞಾನಿಗಳ ಒಕ್ಕೂಟ 2003ರಲ್ಲಿ ಅವನ್ನು ಮೆಗಾಸ್ಕಾಪ್ಸ್‌ಗೆ ಸರಿಸಿತು. ಬಕ್ಕಮೀನಾವನ್ನೂ ಹಿಮಾಲಯದ, ಆಗ್ನೇಯ ಏಷ್ಯಾದ ತದ್ರೂಪಿಗಳಿಂದ ಬೇರ್ಪಡಿಸಿದ್ದು ಮುಖ್ಯವಾಗಿ ಕೂಗಿನ ಆಧಾರದ ಮೇಲೆಯೇ.

ಪ್ರಭೇದ ಎಂದರೇನು, ಉಪಪ್ರಭೇದ ಎಂದರೇನು, ಗೂಬೆಗೆ ಏನು ವ್ಯತ್ಯಾಸ?

ಗೂಬೆಗೆ ಇಲ್ಲ, ಅದರ ಕಾಡಿಗೆ ಇದೆ. ಸಂರಕ್ಷಣೆಯ ಹಣ, ಕಾನೂನು, ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿ ಎಲ್ಲವೂ ಪ್ರಭೇದದ ಲೆಕ್ಕದಲ್ಲಿ ನಡೆಯುತ್ತವೆ. ಅಲಗೋಯೆನ್ಸಿಸ್ ಅನ್ನು ಅಟ್ರಿಕಾಪಿಲ್ಲಾದ ಒಂದು ಭಾಗ ಎಂದಷ್ಟು ದಿನ ಅದರ ಸ್ಥಿತಿ ಯಾರ ಕಣ್ಣಿಗೂ ಬೀಳಲಿಲ್ಲ, ಏಕೆಂದರೆ ದಕ್ಷಿಣದಲ್ಲಿ ಅಟ್ರಿಕಾಪಿಲ್ಲಾ ಬೇಕಾದಷ್ಟಿತ್ತು. ಬೇರೆ ಎಂದಾದ ಕೂಡಲೇ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಗೂಬೆಯಾಯಿತು.

ಅದೇ ಈಶಾನ್ಯ ಬ್ರೆಜಿಲ್‌ನ ಗ್ಲಾಸಿಡಿಯಂ ಮೂರಿಯೋರಂ ವಿಷಯದಲ್ಲಿ ತಡವಾಯಿತು. 1980ರಲ್ಲಿ ಪೆರ್ನಾಂಬುಕೊದ ಸಾಲ್ಟಿನ್ಯೊ ಮೀಸಲು ಕಾಡಿನಲ್ಲಿ ಸಂಗ್ರಹಿಸಿದ ನಮೂನೆಗಳು, 1990ರ ಒಂದು ಧ್ವನಿಮುದ್ರಣ ಆಧಾರವಾಗಿ 2002ರಲ್ಲಿ ಅದಕ್ಕೆ ಹೆಸರು ಸಿಕ್ಕಿತು. ಕೊನೆಯ ಬಾರಿ ಕಂಡದ್ದು 2001ರಲ್ಲಿ. ಈಗ ಅದು ಅಳಿದಿರುವ ಸಾಧ್ಯತೆಯೇ ಹೆಚ್ಚು.

ಬೆಂಗಳೂರಲ್ಲೋ ಬಾಸ್ಟನ್‌ನಲ್ಲೋ ಕೂತು ಇದನ್ನು ಕಲಿಯಬಹುದೆ?

ಖಂಡಿತ. ಜೀನೊ ಕ್ಯಾಂಟೊ, ಮೆಕಾಲೆ ಲೈಬ್ರರಿ ಎಂಬ ಆನ್‌ಲೈನ್ ಧ್ವನಿ ಸಂಗ್ರಹಗಳಲ್ಲಿ ಈ ಗೂಬೆಗಳ ಮುದ್ರಣಗಳನ್ನು ಯಾರು ಬೇಕಾದರೂ ಕೇಳಬಹುದು. ಮೊದಲು ಚೋಲಿಬಾದ 20 ಕಡತ ಆರಿಸಿ. ಬೇರೆ ಬೇರೆ ದೇಶದ್ದಿರಲಿ, ಒಬ್ಬರೇ ಒಂದೇ ರಾತ್ರಿ ಮುದ್ರಿಸಿದವು ಬೇಡ. ಮೇಲೆ ಹೇಳಿದಂತೆ ವೇಗ, ಅವಧಿ, ಆವರ್ತನ ಅಳೆದು ಒಂದೇ ಪ್ರಭೇದದೊಳಗೆ ಎಷ್ಟು ಹರವಿದೆ ಎಂದು ನೋಡಿ. ಆಮೇಲೆ ವಾಟ್ಸೋನಿಯಿ ಮತ್ತು ಉಸ್ಟಾದ ಕಡತಗಳಿಗೆ ಹೋಗಿ. ಹೆಸರು ಮುಚ್ಚಿ ಅಳೆಯಿರಿ, ಅಂಕಿಗಳನ್ನು ನಕ್ಷೆಯ ಮೇಲೆ ಇಡಿ, ಕೊನೆಗೆ ಹೆಸರು ತೆರೆಯಿರಿ. ಹೊಂದದ ಒಂದೆರಡು ಕಡತ ಸಿಕ್ಕೇ ಸಿಗುತ್ತವೆ. ಆಗ ಸ್ಪೆಕ್ಟ್ರೋಗ್ರಾಂನಲ್ಲಿ ಗಂಡೋ ಹೆಣ್ಣೋ, ಯಾವ ಬಗೆಯ ಹಾಡು, ಪ್ಲೇಬ್ಯಾಕ್ ಹಾಕಿತ್ತೋ ಇಲ್ಲವೋ ಎಂದು ಪರಿಶೀಲಿಸಿ. ಹೆಸರೇ ತಪ್ಪು ಅನ್ನಿಸಿದರೆ ಜೀನೊ ಕ್ಯಾಂಟೊದಲ್ಲಿ ಆ ಮುದ್ರಣದ ಗುರುತನ್ನು ಪ್ರಶ್ನಿಸಲು ಅವಕಾಶವಿದೆ. ಅಳತೆಯನ್ನೂ ಜೊತೆಗೇ ಬರೆಯಿರಿ, ಬರೀ ಅನುಮಾನಕ್ಕೆ ಯಾರೂ ಉತ್ತರ ಕೊಡುವುದಿಲ್ಲ.